ಒಂದು ಸಂಜೆಗೆ ಸಾಕಾಗುವ ಡಂಜನ್: ಸುರಂಗ ನೋಡಿ ಕಲಿತದ್ದು

ಆಟಿ ತಿಂಗಳಲ್ಲಿ ನಮ್ಮ ಕಡೆ, ಅಂದರೆ ಕಾಸರಗೋಡಿನ ಪೆರ್ಲ-ಬಾಯಾರು ಬದಿಯಲ್ಲಿ, ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿಯುತ್ತದೆ. ಮಳೆ ಬಿಡುವುದಿಲ್ಲ. ತೋಟಕ್ಕೆ ಇಳಿಯುವ ಹಾಗಿಲ್ಲ. ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಕೇಳಲೂಬಾರದು. ಹಿಂದೆ ಈ ತಿಂಗಳಿಗೆ ಅಂತಲೇ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ನಮ್ಮ ಚಾವಡಿಯಲ್ಲಿ ಈಗ ಅದರ ಜೊತೆಗೆ ಇಪ್ಪತ್ತು ಮುಖದ ದಾಳವೂ ಉರುಳುತ್ತದೆ.

ಆಟ ಡಂಜನ್ಸ್ ಆ್ಯಂಡ್ ಡ್ರಾಗನ್ಸ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ತಾಳಮದ್ದಳೆ ಕೇಳಿದವರಿಗೆ ಇದು ಅರ್ಧ ಗೊತ್ತಿದ್ದ ಹಾಗೆಯೇ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರಿಗೆ ಒಂದೊಂದು ಪಾತ್ರ. ಮಾತು ಆಗಿಂದಾಗಲೇ ಹುಟ್ಟಬೇಕು. ವ್ಯತ್ಯಾಸ ಇಷ್ಟೇ, ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಕೈಹಾಕಿದ ಕೆಲಸ ಆಗುತ್ತದೋ ಇಲ್ಲವೋ ಎನ್ನುವಲ್ಲಿ ದಾಳ ಹಾಕುತ್ತೇವೆ. ಕಥೆ ನಡೆಸುವವನಿಗೆ ಇಂಗ್ಲಿಷಿನಲ್ಲಿ ಡಂಜನ್ ಮಾಸ್ಟರ್ ಅನ್ನುತ್ತಾರೆ. ನಮ್ಮಲ್ಲಿ ಭಾಗವತ. ಈ ಲೇಖನದಲ್ಲೂ ಹಾಗೇ ಕರೆಯುತ್ತೇನೆ. ಡಂಜನ್ ಅಂದರೆ ಪಾತ್ರಗಳು ಇಳಿದು ಹೋಗುವ ನೆಲದಡಿಯ ಕೋಣೆ, ದಾರಿಗಳ ಜಾಲ. ಅದನ್ನು ಮೊದಲೇ ಬರೆದಿಟ್ಟುಕೊಳ್ಳುವವನು ಭಾಗವತ.

ನಾನು ಭಾಗವತನಾಗಿ ಕಟ್ಟಿದ ಮೊದಲ ಡಂಜನ್‌ನಲ್ಲಿ 42 ಕೋಣೆಗಳಿದ್ದವು. ಬರೆಯಲಿಕ್ಕೆ ಎರಡು ವಾರ ಹಿಡಿಯಿತು. ಮೊದಲ ಸಂಜೆ ಆರು ಕೋಣೆ ಮುಗಿಯಿತು. ಎರಡನೇ ಸಂಜೆ ಇನ್ನು ಐದು. ಮೂರನೇ ಸಂಜೆ ನಾನು “ಎದುರಿಗೆ ಒಂದು ಮರದ ಬಾಗಿಲು” ಅಂದಾಗ ಭಾವ ಹಲಸಿನ ಹಪ್ಪಳ ಕೆಳಗಿಟ್ಟು ಕೇಳಿದ, “ಎಂತ ಭಾವಾ, ಇನ್ನೊಂದು ಬಾಗಿಲಾ?” ಉಳಿದ 31 ಕೋಣೆಗಳು ಇವತ್ತಿಗೂ ಆ ಪುಸ್ತಕದಲ್ಲೇ ಇವೆ.

ಕೆಳಗಿರುವುದು ಆ ಸೋಲಿನ ನಂತರ ಕಲಿತದ್ದು.

ಇಷ್ಟಕ್ಕೂ ನೆಲದಡಿಗೆ ಯಾಕೆ?

ಬಯಲಿನಲ್ಲಿ ನಿಲ್ಲಿಸಿ “ಎಲ್ಲಿಗೆ ಹೋಗ್ತೀರಿ?” ಅಂತ ಕೇಳಿದರೆ ಹೊಸಬರು ಮುಖ ಮುಖ ನೋಡುತ್ತಾರೆ. ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವುದೇ ತೊಂದರೆ. ಗುಹೆಯೊಳಗೆ ಎಡಕ್ಕೆ, ಬಲಕ್ಕೆ, ಇಲ್ಲವೇ ವಾಪಸ್. ಮೂರೇ ಇದ್ದಾಗ ಜನ ಬಾಯಿ ಬಿಡುತ್ತಾರೆ. ಭಾಗವತನಿಗೂ ಸುಖ, ಇಡೀ ರಾಜ್ಯ ಕಟ್ಟಬೇಕಾಗಿಲ್ಲ.

ಈ ಆಟ ಹುಟ್ಟಿದ್ದೂ ನೆಲಮಾಳಿಗೆಯಲ್ಲೇ. ಅಮೆರಿಕದ ಮಿನೆಸೋಟಾದಲ್ಲಿ 1970ರ ದಶಕದ ಆರಂಭದಲ್ಲಿ ಡೇವ್ ಆರ್ನೆಸನ್ ಎಂಬವರು ಯುದ್ಧದಾಟ ಆಡುತ್ತಿದ್ದ ಗೆಳೆಯರನ್ನು ಒಂದು ಕಲ್ಪನೆಯ ಕೋಟೆಯ ಕೆಳಗಿನ ಮಾಳಿಗೆಗಳಿಗೆ ಇಳಿಸಿದರು. ಆಮೇಲೆ ಅವರೂ ಗ್ಯಾರಿ ಗೈಗ್ಯಾಕ್ಸೂ ಸೇರಿ 1974ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದರು. ಅಂತಸ್ತು ಇಳಿದಷ್ಟೂ ಅಪಾಯ ಜಾಸ್ತಿ, ನಿಧಿಯೂ ಜಾಸ್ತಿ. ಎಷ್ಟು ಆಳಕ್ಕೆ ಹೋಗಬೇಕು ಅಂತ ತೀರ್ಮಾನಿಸುವವರು ಆಡುವವರೇ. ನನ್ನ ಪ್ರಕಾರ ಡಂಜನ್‌ನ ನಿಜವಾದ ರುಚಿ ಇಲ್ಲೇ ಇದೆ. “ಇಷ್ಟು ಸಾಕು, ಹೊರಡುವ” ಅಂತ ಒಬ್ಬಳು, “ಇನ್ನೊಂದೇ ತಿರುವು” ಅಂತ ಇನ್ನೊಬ್ಬ. ಈ ಜಗಳ ಹುಟ್ಟಿದರೆ ನಿಮ್ಮ ಡಂಜನ್ ಗೆದ್ದಿತು. ಹುಟ್ಟದಿದ್ದರೆ ಅದು ಬರೀ ಕೋಣೆಗಳ ಸಾಲು.

ಬೇಕಾಗುವ ಸಾಮಾನು

ಮೂರು ನಾಲ್ಕು ಜನ, ಒಂದು ಗ್ರಾಫ್ ಪುಸ್ತಕ, ಪೆನ್ಸಿಲು. ಆರು ಮುಖದ ದಾಳ ಲೂಡೋ ಡಬ್ಬದಲ್ಲಿ ಸಿಗುತ್ತದೆ. ಇಪ್ಪತ್ತು ಮುಖದ್ದು ಸಿಗದಿದ್ದರೆ ಫೋನಿನಲ್ಲಿ ಉರುಳಿಸಬಹುದು. ಆಟದ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ಒಬ್ಬ ಇಂಗ್ಲಿಷಿನಲ್ಲಿ ಓದಿಕೊಂಡರೆ ಸಾಕು, ಉಳಿದವರಿಗೆ ಬಾಯಲ್ಲಿ ಹೇಳಿದರಾಯಿತು.

ಮೊದಲ ಕೆಲಸ: ಯಾರು ಅಗೆದರು, ಯಾಕೆ ಅಗೆದರು

ನಕ್ಷೆಗೆ ಕೈಹಾಕುವ ಮೊದಲು ಇದಕ್ಕೆ ಉತ್ತರ ಬರೆದುಕೊಳ್ಳಿ. ನನ್ನ 42 ಕೋಣೆಯ ದೊಡ್ಡ ದೋಷ ಇದೇ. ಮೂರನೇ ಕೋಣೆಯಲ್ಲಿ ರಾಕ್ಷಸ, ನಾಲ್ಕನೆಯದರಲ್ಲಿ ಮಲಗಿದ ಹುಲಿ, ನಡುವೆ ಒಂದು ಹಲಗೆ ಬಾಗಿಲು. ಪಕ್ಕದ ಮನೆಯ ಹುಡುಗಿ, ಆಗ ಒಂಬತ್ತನೇ ಕ್ಲಾಸು, ಕೇಳಿದಳು, “ಅಣ್ಣ, ಇವರೆಲ್ಲ ನೀರು ಎಲ್ಲಿಂದ ಕುಡಿಯುವುದು?” ಉತ್ತರ ಇರಲಿಲ್ಲ.

ಉತ್ತರ ಮನೆಯ ಹಿಂದೆಯೇ ಇತ್ತು. ನಮ್ಮ ಎಣ್ಮಕಜೆ, ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳು ಬೇಕಾದಷ್ಟಿವೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕೊರೆದ ದಾರಿ. ಒಳಕ್ಕೆ ಹೋದಂತೆ ಸ್ವಲ್ಪ ಏರು ಇರುತ್ತದೆ. ಹಾಗಿದ್ದರೆ ಒಳಗೆ ಒಸರಿದ ನೀರು ಪಂಪಿನ ಹಂಗಿಲ್ಲದೆ ತಾನೇ ಹೊರಗೆ ಬಂದು ಕೆರೆಗೆ ಬೀಳುತ್ತದೆ. ಕೊರೆಯುವವರು ತೇವ ಇದ್ದ ಕಡೆ ತಿರುಗುತ್ತಾರೆ. ಗಟ್ಟಿ ಬಂಡೆ ಸಿಕ್ಕಿದರೆ ಅಲ್ಲಿಗೆ ಬಿಟ್ಟು ಬೇರೆ ಕವಲು ಹಿಡಿಯುತ್ತಾರೆ. ಉದ್ದ ಜಾಸ್ತಿಯಾದರೆ ಗಾಳಿಗೆ ಅಂತ ಗುಡ್ಡದ ಮೇಲಿಂದ ಒಂದು ತೂತು ಇಳಿಸುತ್ತಾರೆ. ಕೆಲವು ಕಡೆ ಒಳಗೇ ಮಣ್ಣಿನ ಸಣ್ಣ ಕಟ್ಟ ಹಾಕಿ ನೀರು ನಿಲ್ಲಿಸುತ್ತಾರೆ.

ನೋಡಿ, ಡಂಜನ್‌ಗೆ ಬೇಕಾದ ಎಲ್ಲವೂ ಇಲ್ಲಿದೆ. ತಿರುವು ಯಾಕಿದೆ? ತೇವ ಹುಡುಕಿದ್ದರಿಂದ. ಮುಚ್ಚಿದ ದಾರಿ ಯಾಕಿದೆ? ಬಂಡೆ ಸಿಕ್ಕಿದ್ದರಿಂದ. ಎರಡನೇ ಬಾಗಿಲು ಎಲ್ಲಿದೆ? ಗಾಳಿಯ ತೂತು. ಕಾರಣ ಇದ್ದಾಗ ಆಡುವವರು ಊಹಿಸಬಹುದು. ಊಹೆ ಸರಿಯಾದರೆ ಅವರಿಗಾಗುವ ಖುಷಿ ನಿಧಿ ಸಿಕ್ಕಿದರೂ ಆಗುವುದಿಲ್ಲ.

ಸುರಂಗ ಹಿಡಿಸದಿದ್ದರೆ ಬೇಕಲ ಕೋಟೆ ನೋಡಿ ಬನ್ನಿ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು ಅನ್ನುತ್ತಾರೆ. ಗೋಡೆಯ ತೂತುಗಳನ್ನು ಗಮನಿಸಿ. ಮೇಲಿನವು ದೂರದ ವೈರಿಗೆ ಗುರಿ ಇಡಲಿಕ್ಕೆ, ಕೆಳಗಿನವು ಹತ್ತಿರ ಬಂದವನಿಗೆ. ನಿಮ್ಮ ಡಂಜನ್‌ನಲ್ಲೂ ಸುಮ್ನೆ ಇರುವ ತೂತು ಒಂದೂ ಇರಬಾರದು.

ಒಂದು ಮಾತು. ನಕ್ಷೆಗೆ ಬೇಕು ಅಂತ ನಿಜವಾದ ಹಳೆ ಸುರಂಗದೊಳಗೆ ನುಗ್ಗಬೇಡಿ. ಬಾವಲಿ, ಹಾವು, ಮುಳ್ಳುಹಂದಿ ಇರುತ್ತವೆ. ಮಣ್ಣು ಕುಸಿಯಬಹುದು. ಗಾಳಿ ಸಾಲದ ಜಾಗವೂ ಇರುತ್ತದೆ. ಕೊರೆಯುವವರೇ ಮೇಣದ ಬತ್ತಿ ಹಚ್ಚಿಟ್ಟುಕೊಂಡು, ಅದು ಆರಿದರೆ ಹೊರಗೆ ಬರುತ್ತಿದ್ದರು. ಬಾಯಲ್ಲಿ ನಿಂತು ನೋಡಿದರೆ ನಮ್ಮ ಕೆಲಸಕ್ಕೆ ಸಾಕು.

ಎರಡನೆಯದು: ಏಳು ಜಾಗ, ಒಂದು ಸುತ್ತು

ಒಂದು ಸಂಜೆಗೆ ಏಳು ಜಾಗ ಧಾರಾಳ. ನನ್ನದು ಹೀಗಿತ್ತು. ಹೊರಗೆ ಕೆರೆ ಮತ್ತು ಸುರಂಗದ ಬಾಯಿ. ಒಳಗೆ ಬಾವಲಿಗಳ ತಿರುವು. ಅಲ್ಲಿಂದ ಕವಲು: ಎಡಕ್ಕೆ ಬಂಡೆ ಸಿಕ್ಕಿ ಬಿಟ್ಟುಹೋದ ದಾರಿ, ಮೂಲೆಯಲ್ಲಿ ಒಂದು ಪಿಕ್ಕಾಸು. ಬಲಕ್ಕೆ ಮಣ್ಣಿನ ಕಟ್ಟ, ಅದರ ಹಿಂದೆ ಸೊಂಟದವರೆಗೆ ನೀರು. ಕಟ್ಟದ ಆಚೆ ಗಾಳಿಯ ತೂತು, ಗುಡ್ಡದ ಮೇಲಿಂದ ಹಗ್ಗ ಬಿಟ್ಟು ಇಳಿಯಬಹುದು. ಬಂಡೆಯ ಬುಡದಲ್ಲಿ ಮುಳ್ಳುಹಂದಿ ತೋಡಿದ ಬಿಲ, ತೆವಳಿಕೊಂಡು ಹೋದರೆ ಅದೂ ಗಾಳಿಯ ತೂತಿನ ಬುಡಕ್ಕೇ ಸೇರುತ್ತದೆ. ಎಲ್ಲಕ್ಕಿಂತ ಒಳಗೆ, ಸುರಂಗಕ್ಕಿಂತಲೂ ಹಳೆಯದಾದ ಒಂದು ಕಲ್ಲಿನ ಕೋಣೆ.

ಎರಡು ದಾರಿಯಿಂದ ಒಂದೇ ಜಾಗ ಸೇರುವುದು ಮುಖ್ಯ. ಜೆನೆಲ್ ಜಾಕ್ವೇಸ್ ಎಂಬ ವಿನ್ಯಾಸಗಾರ್ತಿ 1970ರ ದಶಕದ ಕೊನೆಯಲ್ಲೇ ಹೀಗೆ ಸುತ್ತು ದಾರಿ, ಹಲವು ಬಾಗಿಲು ಇಟ್ಟು ಡಂಜನ್ ಬರೆದು ಹೆಸರು ಮಾಡಿದ್ದರು. ಒಂದೇ ಗೆರೆಯ ದಾರಿಯಾದರೆ ಆಡುವವರಿಗೆ ತೀರ್ಮಾನ ಮಾಡಲಿಕ್ಕೆ ಏನೂ ಇಲ್ಲ, ಬಸ್ಸಿನಲ್ಲಿ ಕೂತ ಹಾಗೆ. ಸುತ್ತು ಇದ್ದರೆ ತಪ್ಪಿಸಿಕೊಳ್ಳಬಹುದು, ಹಿಂದಿನಿಂದ ಬರಬಹುದು, ದಾರಿ ತಪ್ಪಲೂಬಹುದು.

ಅಳತೆಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಹಳೆಯ ನಕ್ಷೆಗಳಲ್ಲಿ ಒಂದು ಚೌಕಕ್ಕೆ ಹತ್ತು ಅಡಿ. ನಾವು ನಾಲ್ಕು ಕೋಲು ಅಂತ ಹಿಡಿದೆವು, ಹೆಚ್ಚು ಕಡಿಮೆ ಅಷ್ಟೇ. ಆದರೆ ಆಡುವವರಿಂದ ನಕ್ಷೆ ಬರೆಸುವ ಹಳೆ ಪದ್ಧತಿ ನನಗೆ ಸುತಾರಾಂ ಇಷ್ಟವಿಲ್ಲ. “ಮೂವತ್ತು ಅಡಿ ಮುಂದೆ, ಆಮೇಲೆ ಎಡಕ್ಕೆ, ಅಲ್ಲಿ ಅಗಲ ಇಪ್ಪತ್ತು...” ಒಬ್ಬ ಉಜ್ಜಿ ಉಜ್ಜಿ ಬರೆಯುತ್ತಾನೆ, ಉಳಿದವರು ಆಕಳಿಸುತ್ತಾರೆ. ಕಂಡಷ್ಟನ್ನು ನೀವೇ ಬರೆದು ತೋರಿಸಿ.

ಮೂರನೆಯದು: ಬೆಳಕಿಗೆ ಲೆಕ್ಕ ಇಡಿ

ಇದೊಂದು ಬಿಟ್ಟರೆ ಡಂಜನ್ ಸಪ್ಪೆ. ಹಳೆಯ ನಿಯಮದಲ್ಲಿ ಆಟದ ಕಾಲವನ್ನು ಹತ್ತು ಹತ್ತು ನಿಮಿಷದ ಸುತ್ತುಗಳಾಗಿ ಎಣಿಸುತ್ತಿದ್ದರು. ಒಂದು ದೊಂದಿ ಆರು ಸುತ್ತು, ಅಂದರೆ ಒಂದು ಗಂಟೆ ಉರಿಯುತ್ತದೆ. ಲಾಟೀನಿಗೆ ಒಮ್ಮೆ ಎಣ್ಣೆ ಹಾಕಿದರೆ ನಾಲ್ಕು ಗಂಟೆ. ಎರಡು ಸುತ್ತಿಗೊಮ್ಮೆ ಭಾಗವತ ಆರು ಮುಖದ ದಾಳ ಹಾಕುತ್ತಾನೆ. ಒಂದು ಬಿದ್ದರೆ ಏನೋ ಒಂದು ಇವರ ಕಡೆ ಬರುತ್ತದೆ. ಹಾಗಾಗಿ ಸುಮ್ಮನೆ ಸಮಯ ಕಳೆಯುವುದಕ್ಕೂ ಬೆಲೆ ಇತ್ತು.

2014ರಲ್ಲಿ ಬಂದ ಐದನೇ ಆವೃತ್ತಿಯಲ್ಲೂ ದೊಂದಿ ಒಂದು ಗಂಟೆಯೇ. ಆದರೆ ಅಲ್ಲಿ ಮನುಷ್ಯರಲ್ಲದ ಪಾತ್ರಗಳಾದ ಕುಬ್ಜರಿಗೆ, ಎಲ್ಫ್‌ಗಳಿಗೆ ಕತ್ತಲೆಯಲ್ಲಿ ಅರವತ್ತು ಅಡಿ ಕಾಣುತ್ತದೆ. ಬೆಳಕಿನ ಮಂತ್ರವನ್ನು ಎಷ್ಟು ಸಲ ಬೇಕಾದರೂ ಹಾಕಬಹುದು. ಕತ್ತಲೆಗೆ ಯಾರು ಹೆದರುತ್ತಾರೆ? ಈಗಿನವರು ಡಂಜನ್ ಬೋರು ಅನ್ನುವುದಕ್ಕೆ ಅರ್ಧ ಕಾರಣ ಇದೇ ಅಂತ ನನಗನಿಸುತ್ತದೆ. ನಮ್ಮಲ್ಲಿ ಆ ಮಂತ್ರ ಇಲ್ಲ, ಎಲ್ಲರ ಪಾತ್ರವೂ ಮನುಷ್ಯರೇ. ಆಟ ಶುರುವಾಗುವ ಮೊದಲೇ ಹೇಳಿ ಒಪ್ಪಿಸಿ, ನಡುವೆ ನಿಯಮ ತೆಗೆದರೆ ಮುನಿಸು.

ಲೆಕ್ಕಕ್ಕೆ ಚೆನ್ನೆಮಣೆಯೇ ಸಾಕು. ಒಂದು ಗುಳಿಯಲ್ಲಿ ಆರು ಕಾಯಿ ಹಾಕಿ ಎಲ್ಲರಿಗೂ ಕಾಣುವಂತೆ ನಡುವೆ ಇಡಿ. ಗೋಡೆ ತಡವಿ ನೋಡಿದರೆ ಒಂದು ಕಾಯಿ ಹೊರಗೆ. ಕಟ್ಟ ದಾಟಿದರೆ ಒಂದು. ಗಾಯಕ್ಕೆ ಬಟ್ಟೆ ಕಟ್ಟಿದರೆ ಒಂದು. ಗುಳಿ ಖಾಲಿಯಾದರೆ ದೊಂದಿ ಆರಿತು. ಬಾಯಲ್ಲಿ “ಎರಡು ಸುತ್ತು ಉಳಿದಿದೆ” ಅಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಗುಳಿಯಲ್ಲಿ ಎರಡು ಕಾಯಿ ಕಂಡರೆ ಎಲ್ಲರ ಬೆನ್ನೂ ನೇರವಾಗುತ್ತದೆ.

ನಾಲ್ಕನೆಯದು: ಅಪಾಯ ಮುಚ್ಚಿಡಬೇಡಿ

1975ರಲ್ಲಿ ಗೈಗ್ಯಾಕ್ಸ್ ಒಂದು ಸಮ್ಮೇಳನದ ಸ್ಪರ್ಧೆಗೆ ಗೋರಿಯೊಂದರ ಡಂಜನ್ ಬರೆದರು. ಅದರಲ್ಲಿ ಬಾಯಿ ತೆರೆದ ಹಸಿರು ರಾಕ್ಷಸನ ಮುಖ ಇದೆ. ಬಾಯೊಳಗೆ ಬರೀ ಕಪ್ಪು. ದಾರಿ ಅಂದುಕೊಂಡು ನುಗ್ಗಿದವನು ಅಲ್ಲಿಗೆ ಇಲ್ಲ. ಸ್ಪರ್ಧೆಗೆ ಇದು ಸರಿ. ಚಾವಡಿಗೆ ತಂದರೆ ಏನಾಗುತ್ತದೆ ಗೊತ್ತಾ? ಒಮ್ಮೆ ಹೀಗೆ ಕೈಸುಟ್ಟುಕೊಂಡವರು ಮತ್ತೆ ಪ್ರತಿ ಕಲ್ಲನ್ನೂ ಕೋಲಿನಿಂದ ಕುಟ್ಟುತ್ತಾರೆ. ಪ್ರತಿ ಬಾಗಿಲಿಗೂ ಕಿವಿ ಕೊಡುತ್ತಾರೆ. ಒಂದು ಓಣಿ ದಾಟಲು ಇಪ್ಪತ್ತು ನಿಮಿಷ.

ಮದ್ದು ಸುಲಭ. ಗುರುತು ಮೊದಲೇ ತೋರಿಸಿ, ಮುಂದೇನು ಅಂತ ಅವರೇ ಯೋಚಿಸಲಿ. ಹಾವಿದೆ ಅನ್ನಬೇಡಿ, ನೆಲದಲ್ಲಿ ಹಾವಿನ ಪೊರೆ ಇದೆ ಅನ್ನಿ. ಕುಸಿಯುವ ಮಾಡಿನ ಕೆಳಗೆ ಹಸಿ ಮಣ್ಣು ಬಿದ್ದಿರಲಿ. ಗಾಳಿ ಕೆಟ್ಟ ಜಾಗದಲ್ಲಿ ದೊಂದಿ ಸಣ್ಣಗಾಗಲಿ. ನಮ್ಮ ಹುಡುಗಿ ಇದನ್ನು ಕೇಳಿದ ಕೂಡಲೆ “ಎಲ್ಲರೂ ಹಿಂದೆ ಬನ್ನಿ” ಅಂತ ಕಿರುಚಿದಳು. ಅವಳ ಅಜ್ಜ ಸುರಂಗ ಕೊರೆದವರು. ದಾಳ ಹಾಕಿಸದೆಯೇ ಎಲ್ಲರನ್ನೂ ಉಳಿಸಿದ್ದು ಅವಳ ಮನೆಯ ಮಾತು.

ಐದನೆಯದು: ಒಳಗಿರುವವರಿಗೆ ಬಾಯಿ ಕೊಡಿ

ಡಂಜನ್ ಮೇಲಿನ ದೊಡ್ಡ ದೂರು ಇದು. ನಮ್ಮ ಗುಂಪಿನಲ್ಲಿ ತಾಳಮದ್ದಳೆಯಲ್ಲಿ ಒಳ್ಳೆ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವನೊಬ್ಬನಿದ್ದಾನೆ. ಮಾತಿಗೆ ನಿಂತರೆ ಕೃಷ್ಣ ಸಂಧಾನವನ್ನು ಗಂಟೆಗಟ್ಟಲೆ ಎಳೆಯಬಲ್ಲ. 42 ಕೋಣೆಯಲ್ಲಿ ಅವನಿಗೆ ಮಾತಾಡಲು ಒಂದು ಜೀವ ಸಿಗಲಿಲ್ಲ. ಬಾಗಿಲು ತೆರೆ, ಹೊಡೆ, ಮುಂದಿನ ಬಾಗಿಲು. ನಮ್ಮಲ್ಲಿ ಒಂದು ಕಾದಾಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ಸಂಜೆಗೆ ಮೂರು ಕಾದಾಟ ಇಟ್ಟರೆ ಬರೀ ಚೆಂಡೆ, ಅರ್ಥವೇ ಇಲ್ಲ.

ಹಳೆಯ ನಿಯಮಗಳಲ್ಲಿ ಇದಕ್ಕೆ ಎರಡು ಉಪಾಯ ಇದ್ದವು, ಈಗ ಜನ ಮರೆತಿದ್ದಾರೆ. ಒಂದು, ಎದುರಾದವರ ಮನಸ್ಸು ಹೇಗಿದೆ ಅಂತ ಎರಡು ದಾಳ ಹಾಕಿ ನೋಡುವುದು. ಎರಡು ಬಂದರೆ ಮೈಮೇಲೆ ಬೀಳುತ್ತಾರೆ, ಹನ್ನೆರಡು ಬಂದರೆ ಗೆಳೆಯರಾಗುತ್ತಾರೆ. ಜಾಸ್ತಿ ಸಲ ಬೀಳುವುದು ನಡುವಿನ ಅಂಕೆ, ಅಂದರೆ ಅವರಿಗೂ ಗೊಂದಲ. ಅಲ್ಲಿ ಮಾತಿಗೆ ಜಾಗ ಸಿಗುತ್ತದೆ. ಇನ್ನೊಂದು, ಹೊರಗೆ ತಂದ ಪ್ರತಿ ಚಿನ್ನದ ನಾಣ್ಯಕ್ಕೆ ಪಾತ್ರ ಬಲಿಯುವ ಅಂಕ ಒಂದು. ಕೊಂದದ್ದಕ್ಕೆ ಸಿಗುತ್ತಿದ್ದದ್ದು ತೀರಾ ಕಡಿಮೆ. ಹಾಗಾಗಿ ಕದ್ದು ಹೋಗುವುದು, ಪುಸಲಾಯಿಸುವುದು, ಓಡುವುದು ಎಲ್ಲವೂ ಜಾಣತನವೇ. ಅಂಕ ಎಲ್ಲಿದೆಯೋ ಆಟಗಾರ ಅಲ್ಲಿ.

ಕುಂಬಳೆ ಹತ್ತಿರದ ಅನಂತಪುರದ ಕೆರೆಯನ್ನೇ ನೆನಪಿಸಿಕೊಳ್ಳಿ. ದೇವಸ್ಥಾನದ ಸುತ್ತ ನೀರು, ನೀರಿನಲ್ಲಿ ಬಬಿಯಾ ಮೊಸಳೆ. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಊರಿನವರು ಸಾಲುಗಟ್ಟಿ ನಮಸ್ಕಾರ ಮಾಡಿ ಕಳಿಸಿದರು. ಮೊಸಳೆ ಅಂದ ಕೂಡಲೆ ಕತ್ತಿ ಹಿರಿಯಬೇಕು ಅಂತ ನಮ್ಮ ಊರೇ ಹೇಳುವುದಿಲ್ಲ, ಮತ್ತೆ ಆಟದಲ್ಲಿ ಯಾಕೆ?

ಅದೇ ಕೆರೆಯ ಮೂಲೆಯ ಗುಹೆಯಿಂದ ಸ್ವಾಮಿ ತಿರುವನಂತಪುರಕ್ಕೆ ಹೋದ ಅಂತ ಐತಿಹ್ಯ. ಇಂಥ ಮಾತುಗಳೂ ಆಟಕ್ಕೆ ಬೇಕು. ಒಳಗೆ ಇಳಿಯುವ ಮೊದಲು ಆಡುವವರಿಗೆ ಊರ ಬಾಯಿಂದ ಮೂರು ಸುದ್ದಿ ಕೇಳಿಸಿ. ಒಂದು ನಿಜ, ಒಂದು ಸುಳ್ಳು, ಒಂದು ಅರ್ಧ ನಿಜ. ಆದರೆ ದೈವಗಳನ್ನು ರಾಕ್ಷಸರ ಜಾಗಕ್ಕೆ ತರಬೇಡಿ. ನಾನು ಒಮ್ಮೆ ತರಲು ಹೊರಟಿದ್ದೆ. ಅಮ್ಮ ಅಡುಗೆಮನೆಯಿಂದಲೇ “ಅದೊಂದು ಬೇಡ” ಅಂದರು. ಅಲ್ಲಿಗೆ ಬಿಟ್ಟೆ.

ಆಡುವ ಸಂಜೆ

ನನ್ನ ಏಳು ಜಾಗದ ಡಂಜನ್‌ಗೆ ಕಾರಣ ಒಂದೇ ಸಾಲು: ನಿನ್ನೆಯಿಂದ ಸುರಂಗದ ನೀರು ಕೆಂಪಾಗಿ, ಸಣ್ಣಗೆ ಬರುತ್ತಿದೆ. ತೋಟದವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಕರೆ ಬೇಕಾಗಿಲ್ಲ. ಲೋಕ ಉಳಿಸಿ ಅಂದರೆ ನಗುತ್ತಾರೆ, ನೀರು ನಿಂತಿದೆ ಅಂದರೆ ಎದ್ದು ಹೊರಡುತ್ತಾರೆ.

ಒಳಗೆ ಇದ್ದವರು ಮುಳ್ಳು ಮೈಯ ಕುಳ್ಳ ಜನ. ಗುಡ್ಡದ ಆಚೆಯಿಂದ ನೀರು ಹುಡುಕುತ್ತ ಕೊರೆದು ಬಂದವರು. ಕಟ್ಟ ಎತ್ತರಿಸಿ ನೀರು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ದಾಳದಲ್ಲಿ ಏಳು ಬಿತ್ತು. ಭಾವ ಕತ್ತಿ ಹಿರಿದ. ಹುಡುಗಿ ತಡೆದಳು, “ನಿಲ್ಲಿ ಅಣ್ಣ. ಇದು ಅವರ ಮನೆ ಅಲ್ವಾ? ನಾವಲ್ಲವಾ ನುಗ್ಗಿದ್ದು?”

ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಇನ್ನೊಬ್ಬರ ಜಾಗಕ್ಕೆ ನುಗ್ಗಿ, ಎದುರಾದವರನ್ನು ಕೊಂದು, ಇದ್ದದ್ದು ಬಾಚಿಕೊಂಡು ಬರುವುದು ಈ ಆಟದ ಹುಟ್ಟುಗುಣ. ಎಷ್ಟು ತಿದ್ದಿದರೂ ಸ್ವಲ್ಪ ಉಳಿಯುತ್ತದೆ. ಹಾಗೆಯೇ ಇನ್ನೂ ಕೆಲವು ಕೊರತೆಗಳು ಉಳಿಯುತ್ತವೆ. ಪಾತ್ರಕ್ಕೆ ಮನೆ, ಮದುವೆ, ಸಾಲ ಇರಬೇಕು ಅನ್ನುವವರಿಗೆ ಗುಹೆ ಬೇಗ ಸಾಕಾಗುತ್ತದೆ. ನಾಲ್ಕಾರು ವಾರ ಬರೀ ನೆಲದಡಿಯೇ ಆಡಿದರೆ ಹೊರಗಿನ ಊರು ಸಾಮಾನು ಮಾರುವ ಅಂಗಡಿ ಮಾತ್ರ ಆಗಿಬಿಡುತ್ತದೆ. ಅದಕ್ಕೇ ನಾನು ಒಂದು ಸಂಜೆ ಒಳಗೆ, ಮುಂದಿನ ಎರಡು ಸಂಜೆ ಹೊರಗೆ ಅಂತ ಇಟ್ಟುಕೊಂಡಿದ್ದೇನೆ. ದಿನವೂ ಪತ್ರೊಡೆ ಮಾಡಿದರೆ ಯಾರು ತಿನ್ನುತ್ತಾರೆ?

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೂ ಒಂದು ಗುರುತು ಇಟ್ಟುಕೊಳ್ಳಿ. ಕೊನೆಯ ದೊಂದಿಯ ಗುಳಿಯಲ್ಲಿ ಒಂದೇ ಕಾಯಿ ಉಳಿದಾಗ “ಈಗ ತೀರ್ಮಾನ ಮಾಡಿ” ಅನ್ನಿ. ನಾನೂ ಹಾಗೇ ಅಂದೆ. ನಮ್ಮ ಅರ್ಥಧಾರಿ ಕಾಯುತ್ತಿದ್ದದ್ದು ಅದಕ್ಕೇ. ಮುಳ್ಳುಜನರ ಹಿರಿಯನ ಎದುರು ಕೂತು ಕಾಲು ಗಂಟೆ ಮಾತಾಡಿದ. ಕೊನೆಗೆ ಒಪ್ಪಂದ: ಹಗಲು ನೀರು ನಮ್ಮ ತೋಟಕ್ಕೆ, ರಾತ್ರಿ ಅವರಿಗೆ. ಒಳಗಿನ ಕಲ್ಲಿನ ಕೋಣೆಯನ್ನು ಯಾರೂ ತೆರೆಯಲೇ ಇಲ್ಲ, ಅದು ನನ್ನ ಪುಸ್ತಕದಲ್ಲಿ ಹಾಗೇ ಇದೆ. ನಾನು ದಾಳ ಡಬ್ಬಕ್ಕೆ ಹಾಕುತ್ತಿದ್ದೆ. ಅಷ್ಟು ಹೊತ್ತು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ದೊಡ್ಡಪ್ಪ ಕೇಳಿದರು, “ಅದು ಸರಿ, ರಾತ್ರಿ ಹೊತ್ತು ಕಟ್ಟ ಒಡೆದರೆ ಕಟ್ಟುವವರು ಯಾರು?”

ಡಬ್ಬ ಮತ್ತೆ ತೆರೆಯಿತು.